ಒಂದೇ ಗುಳಿಯ ಗೇರುಬೀಜ

ಜೂನ್ 9, ಸೋಮವಾರ
ಮತ್ತೆ ಲೋಕಲ್ ರೈಲು ಲೇಟ್. ಡೊಂಬಿವಲಿಯ ಕೋಚಿಂಗ್ ಸೆಂಟರಿನಲ್ಲಿ ಹೊಸ ಬ್ಯಾಚ್, ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗಿನ ಮೊದಲ ಪಾಠ ಮಾಡಿದೆ. ಪುಸ್ತಕದ ಕಾರಿನ ಉದಾಹರಣೆ ಯಾರ ತಲೆಗೂ ಹೋಗುವುದಿಲ್ಲ. ಅಮ್ಮನ ಇಡ್ಲಿ ತಟ್ಟೆ ಒಯ್ದೆ. ತಟ್ಟೆ ಅಂದರೆ ಕ್ಲಾಸ್ ಎಂಬ ಅಚ್ಚು, ಅದರಿಂದ ಎದ್ದ ಒಂದೊಂದು ಇಡ್ಲಿಯೂ ಆಬ್ಜೆಕ್ಟ್. ನಮ್ಮ ಮನೆಯಲ್ಲಿ ಹುಟ್ಟುಹಬ್ಬದವರ ಪಾಲಿನ ಗುಳಿಯೊಳಗೆ ಮಾತ್ರ ಅಮ್ಮ ಗೇರುಬೀಜ ಹಾಕುತ್ತಾರೆ. ಆ ಇಡ್ಲಿ ಬದಲಾಯಿತು, ಉಳಿದವು ಹಾಗೇ. ಹಿಂದಿನ ಬೆಂಚಿನ ನಿಶಾ ಕೂಡ ತಲೆಯಾಡಿಸಿದಳು. ಖುಷಿಯಾಯಿತು.

ಜೂನ್ 13
ಮೈ ಉರಿಯುತ್ತಿದೆ. ಸೆಂಟರಿನ ಮಾಲೀಕ ಬಸವಕುಮಾರ್ ಯೂಟ್ಯೂಬಿನಲ್ಲಿ, ನಾನು ಸೆಂಟರಿನಲ್ಲೇ ಬಿಟ್ಟಿದ್ದ ಅಮ್ಮನ ತಟ್ಟೆ ಹಿಡಿದು ನಿಂತಿದ್ದಾರೆ. ಉದಾಹರಣೆ ಅವರೇ ಕಂಡುಹಿಡಿದದ್ದಂತೆ! ಹಾಳಾಗಲಿ, ಸರಿಯಾಗಿಯಾದರೂ ಹೇಳಬೇಡವೇ? ಒಂದು ಗುಳಿಗೆ ಗೇರುಬೀಜ ಹಾಕಿದರೆ ಎಲ್ಲ ಇಡ್ಲಿಗೂ ಬರುತ್ತದಂತೆ. ಇಡ್ಲಿ ತಿನ್ನುವ ಬಾಯಲ್ಲಿ ಬರುವ ಮಾತಾ ಇದು?

ಜೂನ್ 17
ಟೆಸ್ಟ್ ಪೇಪರ್ ತಿದ್ದಿದೆ. ವಿಡಿಯೋ ನೋಡಿ ಎಲ್ಲರೂ ತಪ್ಪು ಬರೆದಿದ್ದಾರೆ. ನಿಶಾ ಸಹ. ಬಸವಕುಮಾರ್ ಸರ್ ಕ್ಯಾಬಿನ್ನಿಗೆ ಹೋಗಿ ವಿಡಿಯೋ ತೆಗೆದುಹಾಕಿ ಎಂದೆ. ಪೇರೆಂಟ್ಸ್ ನೋಡಿಬಿಟ್ಟಿದ್ದಾರೆ, ಮರ್ಯಾದೆ ಪ್ರಶ್ನೆ ಎಂದರು. ಆಮೇಲೆ ತಣ್ಣಗೆ—
"ವಿಡಿಯೋದಾಗ ಹೆಂಗೈತಿ ಹಂಗ ಕಲಿಸ್ರಿ ಮೇಡಂ. ಆಗೂದಿಲ್ಲಂದ್ರ ಬ್ಯಾರೆ ಕಡೆ ನೋಡ್ಕೊಳ್ರಿ."
ಇವರ ಮರ್ಯಾದೆಗಾಗಿ ಮಕ್ಕಳು ತಪ್ಪು ಕಲಿಯಬೇಕು. ಥೂ.

ಜೂನ್ 22, ಭಾನುವಾರ
ಘೋಡಬಂದರ್ ರಸ್ತೆಯ ಹೊಸ ಬ್ರಾಂಚಿನಲ್ಲಿ ನನ್ನ ಡೆಮೊ ಪಾಠ. ಪೇರೆಂಟ್ಸ್ ತುಂಬಿದ್ದರು. ಇಂಡಕ್ಷನ್ ಒಲೆ, ಹಿಟ್ಟು, ತಟ್ಟೆ ಎಲ್ಲ ಹೊತ್ತು ಹೋಗಿದ್ದೆ. ಎಲ್ಲರ ಎದುರು ಸರ್ ಕೈಯಿಂದಲೇ ಒಂದು ಗುಳಿಗೆ ಗೇರುಬೀಜ ಹಾಕಿಸಿದೆ. ಬೆಂದ ಮೇಲೆ ಇಡ್ಲಿಗಳನ್ನು ಒಂದೊಂದಾಗಿ ಮುರಿದೆ. ಒಂದರಲ್ಲಿ ಮಾತ್ರ ಇತ್ತು. ಹಾಗಾದರೆ ವಿಡಿಯೋ ತಪ್ಪಲ್ಲವೇ ಎಂದು ಮುಂದಿನ ಸಾಲಿನ ತಾಯಿಯೊಬ್ಬರು ಕೇಳಿದರು. ಸರ್ ಬೆವರು ಒರೆಸಿಕೊಂಡರು. ಹೊರಗೆ ಬಂದವರೇ ನಾಳೆಯಿಂದ ಬರಬೇಡಿ ಎಂದರು.
ತಟ್ಟೆ ತೊಳೆಯದೇ ಚೀಲಕ್ಕೆ ತುರುಕಿದೆ. ಲೋಕಲಿನಲ್ಲಿ ಅತ್ತುಬಿಟ್ಟೆ. ಸಿಟ್ಟಿಗೇ ಅತ್ತದ್ದು.

ಜೂನ್ 23, ಬೆಳಿಗ್ಗೆ
ಅಮ್ಮ ನನ್ನ ಊದಿದ ಕಣ್ಣು ನೋಡಿದರು. ತಟ್ಟೆ ತಿಕ್ಕಿ ತೊಳೆದು ಇಡ್ಲಿ ಮಾಡಿದರು. ನನ್ನ ಪಾಲಿನದು ಮುರಿದರೆ ಒಳಗೆ ಗೇರುಬೀಜ. ಇವತ್ತು ನನ್ನ ಹುಟ್ಟುಹಬ್ಬ ಅಲ್ಲವಲ್ಲ ಎಂದೆ.
"ಗೊತ್ತುಂಟು ಮಾರಾಯ್ತಿ. ತಿನ್ನು."
ಪೂರ್ತಿ ತಿಂದೆ.
ಬಸವಕುಮಾರ್ ಫೋನ್. ಎತ್ತಲಿಲ್ಲ. ಮೆಸೇಜ್ ಬಂತು... ಪೇರೆಂಟ್ಸ್ ಒತ್ತಾಯಕ್ಕೆ ವಿಡಿಯೋ ತೆಗೆದುಹಾಕಿದ್ದಾರಂತೆ, ಬ್ಯಾಚ್ ಕಾಯುತ್ತಿದೆಯಂತೆ, ತಟ್ಟೆ ತೆಗೆದುಕೊಂಡು ಬರಬೇಕಂತೆ. ತಟ್ಟೆ ಬೇಕು! ಸಾರಿ ಎಂಬ ಒಂದು ಶಬ್ದ ಇಲ್ಲ.
ಮತ್ತೆ ರಿಂಗ್. ಈ ಸಲ ಎತ್ತುತ್ತೇನೆ. ನಿಶಾಳ ಬ್ಯಾಚಿನ ಮುಂದೆ ನಿಂತು 'ನಾನು ತಪ್ಪು ಹೇಳಿದ್ದೆ' ಅನ್ನಿ ಸರ್, ಆಮೇಲೆ ತಟ್ಟೆ ತರುತ್ತೇನೆ ಎನ್ನುತ್ತೇನೆ.