ಅಕ್ಕನ ಮಗು ಸುಮ್ಮನಾದ ಮಧ್ಯಾಹ್ನ

ಹದಿನಾಲ್ಕನೇ ತಾರೀಖು, ಭಾನುವಾರ

ಪ್ರೀತಿಯ ಅಕ್ಕನಿಗೆ,

ನೀನು, ಭಾವ, ಪಾಪು ಮೂವರೂ ಚೆನ್ನಾಗಿದ್ದೀರಿ ಅಂದುಕೊಂಡೇ ಈ ಕಾಗದಕ್ಕೆ ಕೂತಿದ್ದೇನೆ. 'ಮೂವರೂ' ಎಂದು ಬರೆಯುವುದೇ ಒಂದು ಸುಖ. ತಡವಾಯಿತು, ಮುನಿಸಿಕೊಳ್ಳಬೇಡ. ನೀನು ಫೋನ್ ಮಾಡಿದಾಗಲೆಲ್ಲ ಎಲ್ಲ ಹೇಳಿಬಿಡೋಣ ಅಂದುಕೊಳ್ಳುತ್ತೇನೆ. ಅಷ್ಟರಲ್ಲಿ ನಿನ್ನ ಹಿಂದಿನಿಂದ ಪಾಪುವಿನ ದನಿ ಕೇಳಿಸುತ್ತದೆ, ಪಾಪು ಹಾಲು ಕುಡಿಯಿತಾ ಎಂದಷ್ಟೇ ಕೇಳಿ ಇಟ್ಟುಬಿಡುತ್ತೇನೆ.

ಆಸ್ಪತ್ರೆಯಲ್ಲಿ ನೀನು ಕೇಳಿದೆಯಲ್ಲ, "ಮೊದಲು ನನಗ್ಯಾಕೆ ಹೇಳ್ಲಿಲ್ಲ?" ಅಂತ. ಮತ್ತಿನ ಮಂಪರಿನಲ್ಲಿ ನಾನು ಏನೋ ತೊದಲಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಅದರಲ್ಲಿ ಉತ್ತರ ಕಂಡರೆ ನೀನೇ ಹೆಕ್ಕಿಕೋ.

ನಿನ್ನ ಗರ್ಭ ಒಂದಲ್ಲ ಎರಡಲ್ಲ, ಮೂರು ಸಲ ನಿಲ್ಲದೆ ಹೋದಮೇಲೆ, ನಿಮ್ಮಿಬ್ಬರ ಮಗುವನ್ನು ನಾನು ಹೊತ್ತುಕೊಡುತ್ತೇನೆ ಎಂದವಳು ನಾನೇ. ಯಾರೂ ಬಲವಂತ ಮಾಡಲಿಲ್ಲ. "ಒಂಬತ್ತು ತಿಂಗಳು ಮನೆ ಬಿಟ್ಟುಕೊಟ್ಟಿದ್ದೀನಿ, ಬಾಡಿಗೆ ಬೇಡ, ಗೋಡೆಗೆ ಮೊಳೆ ಹೊಡೀಬೇಡಿ ಅಷ್ಟೇ" ಅಂತ ತಮಾಷೆ ಮಾಡುತ್ತಿದ್ದೆ. ನೀನು ನಗುತ್ತ ನಗುತ್ತ ಅತ್ತುಬಿಡುತ್ತಿದ್ದೆ.

ನನ್ನ ಮಗಳು ಗುಬ್ಬಿ ಹೊಟ್ಟೆಯಲ್ಲಿದ್ದಾಗ ಹೊತ್ತು ಗೊತ್ತಿಲ್ಲದೆ ಕುಣಿಯುತ್ತಿದ್ದಳು. ನಿನ್ನ ಪಾಪು ಹಾಗಲ್ಲ, ಭಾವನ ಶಿಸ್ತು. ಊಟ ಮುಗಿಸಿ, ಪರದೆ ಅಂಗಡಿಯ ನನ್ನ ಹೊಲಿಗೆ ಮೆಷಿನ್ ಮುಂದೆ ಕೂತು ಪೆಡಲ್ ಒತ್ತಿದರೆ ಸಾಕು, ಬಲಪಕ್ಕೆಗೆ ಒದೆತ ಶುರು. ಮಡಿಲಲ್ಲಿದ್ದ ಪರದೆ ಬಟ್ಟೆಯೇ ಅಲುಗುತ್ತಿತ್ತು. ಎದುರಿನ ಮೇಜಿನಲ್ಲಿ ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರ್ ಕತ್ತರಿ ಕೆಳಗಿಟ್ಟು, "ಮೇಲ್ವಿಚಾರಕರು ಡ್ಯೂಟಿಗೆ ಬಂದ್ರು, ಎಲ್ಲ ಸರಿಯಾಗಿ ಕೆಲಸ ಮಾಡಿ" ಅನ್ನುತ್ತಿದ್ದರು.

ಎಂಟು ತಿಂಗಳು ತುಂಬಿದ ಮೇಲೆ ಅದೇನೋ ಬದಲಾಯಿತು. ನಿಂತೇಹೋಯಿತು ಅಂತಲ್ಲ. ಒದೆತ ಹೋಗಿ, ನಿದ್ದೆಯಲ್ಲಿ ಯಾರೋ ಮಗ್ಗುಲು ಬದಲಿಸಿದ ಹಾಗೆ ಒಂದು ಮಂದ ಹೊರಳು ಮಾತ್ರ ಉಳಿಯಿತು. ಅದಾದರೂ ಪಾಪುವಿನದೋ, ನನ್ನ ಕರುಳಿನದೋ ತಿಳಿಯಲಿಲ್ಲ. ಅತ್ತೆಗೆ ಹೇಳಿದೆ. "ತಿಂಗಳು ತುಂಬ್ತಾ ಬಂತಲ್ಲ, ಒಳಗೆ ಜಾಗ ಎಲ್ಲಿದೆ? ಕೈಕಾಲು ಮಡಚಿ ಕೂತಿರುತ್ತೆ, ಸುಮ್ನಿರು" ಅಂದರು. ಸರಿ ಅನ್ನಿಸಿತು. ಮರುದಿನ ಸರಿ ಅನ್ನಿಸಲಿಲ್ಲ. ಸಂಜೆ ಒಂದು ಸಲ ಮಿಸುಕಿದಾಗ ಮತ್ತೆ ಸರಿ ಅನ್ನಿಸಿತು. ಹೀಗೆ ನನ್ನ ತಲೆ ಗೊಂದಲದ ಗೂಡಾಗಿತ್ತು.

ಅದರ ಮಾರನೆಯ ಮಧ್ಯಾಹ್ನ ಅಂಗಡಿಯಲ್ಲಿ ಪೆಡಲ್ ಒತ್ತಿದೆ. ಏನೂ ಇಲ್ಲ. ಒಂದು ಉದ್ದದ ಅಂಚು ಪೂರ್ತಿ ಹೊಲಿದೆ. ಇಲ್ಲ. ಹೊಟ್ಟೆ ತಟ್ಟಿದೆ, ಎಡಕ್ಕೆ ಒರಗಿದೆ, ಬೇಕೆಂದೇ ಮೆಷಿನ್ ಜೋರಾಗಿ ಓಡಿಸಿದೆ. ಕಟಿಂಗ್ ಮಾಸ್ಟರ್ ನನ್ನ ಮುಖ ನೋಡಿ, "ತಣ್ಣಗೆ ಸಿಹಿ ಏನಾದ್ರೂ ಕುಡೀಮ್ಮ, ಎದ್ದು ಕೂರುತ್ತೆ. ನಮ್ಮನೆಯವಳಿಗೂ ಹಿಂಗೇ ಆಗಿತ್ತು" ಎಂದು ಒಂದು ಬಾಟಲಿ ಜ್ಯೂಸ್ ತರಿಸಿದರು. ಪೂರ್ತಿ ಕುಡಿದೆ. ಹೊಟ್ಟೆಯಲ್ಲಿ ಗುಳುಗುಳು ಎಂದಿತು. ಪಾಪುವೋ ಜ್ಯೂಸೋ ಹೇಗೆ ಹೇಳಲಿ? ಮಾಸ್ಟರ್ ಮಾತ್ರ ಗೆದ್ದವರ ಹಾಗೆ ನೋಡುತ್ತಿದ್ದರು, ಬೇಜಾರು ಮಾಡಬಾರದೆಂದು ತಲೆ ಆಡಿಸಿದೆ.

ಆಮೇಲೆ ಹಿಂದಿನ ಗೋದಾಮಿಗೆ ಹೋಗಿ, ಬಟ್ಟೆಯ ಸುರುಳಿಗಳ ನಡುವೆ ನಿಂತು ನಮ್ಮ ಯಜಮಾನರಿಗೆ ಫೋನ್ ಮಾಡಿದೆ. ಇವರು ಯಾವುದೋ ಕಟ್ಟಡದ ಲಿಫ್ಟ್ ರಿಪೇರಿಯಲ್ಲಿದ್ದರು, ಸಿಗಲಿಲ್ಲ. ಆಗ ನಿನ್ನ ನಂಬರ್ ತೆಗೆದೆ. ತೆಗೆದು, ಏನಂತ ಹೇಳುವುದು ಎಂದು ಯೋಚಿಸಿದೆ. 'ನಿನ್ನ ಮಗು ಆಡುತ್ತಿಲ್ಲ' ಎನ್ನಲೇ? ಒಪ್ಪಿಸಿದ ಸಾಮಾನು ಒಡೆದುಹೋಯಿತು ಅಂದ ಹಾಗಾಗುತ್ತದೆ. 'ಮಗು ಆಡುತ್ತಿಲ್ಲ' ಎಂದಷ್ಟೇ ಅಂದರೆ, ಯಾರ ಮಗು? ಆ ಪ್ರಶ್ನೆ ಅಲ್ಲಿಯವರೆಗೆ ನನಗೆ ಬಂದಿರಲೇ ಇಲ್ಲ. ಫೋನನ್ನು ಚೀಲಕ್ಕೆ ಹಾಕಿದೆ. ಬೀದಿಗಿಳಿದು ಟ್ಯಾಕ್ಸಿ ಹತ್ತಿ ಆಸ್ಪತ್ರೆಗೆ ಹೋದೆ.

ಅಲ್ಲಿ ಇದ್ದ ನರ್ಸಮ್ಮ ನಡುವಯಸ್ಸಿನವರು, ಯೂನಿಫಾರ್ಮ್ ಮೇಲೆ ಸ್ವೆಟರ್ ಹಾಕಿದ್ದರು. ನಾನು ತಪ್ಪು ಮಾಡಿದವಳ ಹಾಗೆ, "ಏನೂ ಇರ್ಲಿಕ್ಕಿಲ್ಲ, ಸುಮ್ನೆ ಬಂದೆ" ಅಂದೆ.

"ಮೊದಲಿನ ಹಾಗೆ ಆಡ್ತಿದೆಯಾ, ಇಲ್ವಾ?"

"ಇಲ್ಲ. ಜಾಗ ಸಾಲದೆ ಸುಮ್ಮನಾಗುತ್ತೆ ಅಂತ ಹೇಳಿದ್ರು."

"ಕೊನೇ ತಿಂಗಳಲ್ಲೂ ಮಗು ಆಡ್ತಾನೇ ಇರಬೇಕಮ್ಮ. ನಿಮಗೆ ಬದಲಾವಣೆ ಅನ್ನಿಸ್ತಲ್ಲ, ಅಷ್ಟು ಸಾಕು. ಮಗುವಿನ ತಾಯಿ ನೀವೇ ತಾನೆ?"

"ಹೌದು. ಅಲ್ಲ. ನಮ್ಮಕ್ಕನ ಮಗು."

ಅವರು ಮಂಚದ ಹಾಸು ಎಳೆದು ಸರಿಮಾಡಿದರು. "ಮೊದಲು ಮಲಗಿ. ಅದನ್ನ ಆಮೇಲೆ ತೀರ್ಮಾನ ಮಾಡೋಣ" ಅಂದರು.

ಹೊಟ್ಟೆಗೆ ಯಂತ್ರದ ಪಟ್ಟಿ ಕಟ್ಟಿದರು. ಪಾಪುವಿನ ಎದೆಬಡಿತದ ಸದ್ದು ಕೋಣೆಯ ತುಂಬ ಕೇಳಿದಾಗ ನನಗೆ ಅಳು ಬಂತು. ಕೈಗೊಂದು ಗುಂಡಿ ಕೊಟ್ಟು, "ಆಡಿದಾಗೆಲ್ಲ ಇದನ್ನ ಒತ್ತಿ" ಅಂದರು. ಹೆಬ್ಬೆರಳು ಗುಂಡಿಯ ಮೇಲಿಟ್ಟುಕೊಂಡು ಮಲಗಿದೆ ಅಕ್ಕ. ಬೆರಳು ಅಲ್ಲೇ ಇತ್ತು. ಒತ್ತುವಂಥದ್ದೇನೂ ಒಳಗೆ ಆಗಲಿಲ್ಲ. ಎದೆ ಬಡಿಯುತ್ತಿದೆ, ಮಗು ಆಡುತ್ತಿಲ್ಲ. ಸಮಾಧಾನ ಪಡಬೇಕೋ ಹೆದರಬೇಕೋ ಗೊತ್ತಾಗಲಿಲ್ಲ.

ಡಾಕ್ಟರಮ್ಮ ಬಂದು ಯಂತ್ರದಿಂದ ಇಳಿದುಬಂದ ಕಾಗದವನ್ನು ಮೇಲಿಂದ ಕೆಳಗೆ ನೋಡಿದರು. "ಬಡಿತ ಇದೆ, ಆದರೆ ಇರಬೇಕಾದ ಏರಿಳಿತ ಇಲ್ಲ. ಮಗು ಸುಸ್ತಾಗಿದೆ. ಈಗಲೇ ಆಪರೇಷನ್ ಮಾಡಿ ಹೊರಗೆ ತೆಗೀಬೇಕು. ನಾಳೆ ನೋಡೋಣ ಅಂತ ಬಿಟ್ಟಿದ್ರೆ ಏನಾಗ್ತಿತ್ತೋ ಹೇಳಕ್ಕಾಗಲ್ಲ. ಮನೆಯವರನ್ನ ಕರೆಸಿ" ಅಂದರು. ಆಗ ನಿನಗೆ ಫೋನ್ ಮಾಡಿದೆ. ಮುಂದಿನದು ನಿನಗೆ ಗೊತ್ತು. ನೀನು ಚಪ್ಪಲಿ ಅದಲುಬದಲು ಹಾಕಿಕೊಂಡು ಓಡಿಬಂದೆ. ಪಾಪು ತಡವಾಗಿ ಅತ್ತಿತು, ಗಾಜಿನ ಪೆಟ್ಟಿಗೆಯಲ್ಲಿ ಮಲಗಿತು, ತೂಕ ಹಿಡಿಯಿತು, ನಿನ್ನ ತೋಳೇರಿ ನಿನ್ನ ಮನೆಗೆ ಹೋಯಿತು. ಮೆಟ್ಟಿಲಿಳಿಯುವಾಗ ಭಾವ ನನಗೆ ಕೈಮುಗಿದರು. ಕಿರಿಯಳಿಗೆ ಹಾಗೆಲ್ಲ ಮುಗಿಯಬಾರದು ಅಂತ ಅವರಿಗೆ ಹೇಳು.

ಗೋದಾಮಿನಲ್ಲಿ ನಿಂತಿದ್ದ ಆ ಹೊತ್ತಿನ ಬಗ್ಗೆ ಈಗಲೂ ಯೋಚಿಸುತ್ತೇನೆ. ನಿನ್ನನ್ನು ಹೆದರಿಸಬಾರದು ಅಂತ ಹೇಳಲಿಲ್ಲವೋ, ನಿನಗೆ ಹೆದರಿ ಹೇಳಲಿಲ್ಲವೋ? ಇಲ್ಲ, ಆ ಹೆದರಿಕೆಯನ್ನಾದರೂ ಯಾರಿಗೂ ಕೊಡದೆ ನಾನೇ ಇಟ್ಟುಕೊಳ್ಳಬೇಕು ಅನ್ನಿಸಿತೋ? ಮೂರೂ ನಿಜ ಅನ್ನಿಸುತ್ತದೆ, ಮೂರೂ ಅಲ್ಲ ಅಂತಲೂ ಅನ್ನಿಸುತ್ತದೆ.

ಇಲ್ಲಿ ಎಲ್ಲ ಸುಸೂತ್ರ. ಹೊಟ್ಟೆಯ ಹೊಲಿಗೆ ಒಣಗಿದೆ. ಹೋದ ವಾರದಿಂದ ಮತ್ತೆ ಅಂಗಡಿಗೆ ಹೋಗುತ್ತಿದ್ದೇನೆ, ಭಾರ ಎತ್ತಲು ಮಾಸ್ಟರ್ ಬಿಡುವುದಿಲ್ಲ. ಅತ್ತೆ ಸಿಕ್ಕಿದವರಿಗೆಲ್ಲ, "ಆಡೋದು ಕಮ್ಮಿಯಾದ್ರೆ ಕೂತ್ಕೋಬೇಡಿ, ಆಸ್ಪತ್ರೆಗೆ ಓಡಿ" ಎಂದು ಮೊದಲಿಂದಲೂ ತಾವೇ ಹೇಳುತ್ತಿದ್ದವರ ಹಾಗೆ ಬುದ್ಧಿ ಹೇಳುತ್ತಿದ್ದಾರೆ. ಗುಬ್ಬಿ ಮಾತ್ರ ಒಂದು ದಿನ ನನ್ನ ಹೊಟ್ಟೆಗೆ ಕಿವಿಯಿಟ್ಟು, "ದೊಡ್ಡಮ್ಮನ ಪಾಪು ಹೋಯ್ತು, ಈಗ ಇಲ್ಲಿ ಯಾರಿದ್ದಾರೆ?" ಅಂತ ಕೇಳಿದಳು. ಯಾರೂ ಇಲ್ಲ ಅಂದೆ.

ಪಾಪು ನೂರು ಕಾಲ ಬಾಳಲಿ, ನಿನ್ನ ಮಡಿಲಲ್ಲಿ ಮನಸಾರೆ ಒದೆಯಲಿ. ಭಾವನಿಗೆ ನನ್ನ ನಮಸ್ಕಾರ. ಪಾಪುವಿನ ಎರಡೂ ಪಾದಗಳಿಗೆ ಚಿಕ್ಕಮ್ಮನ ಮುತ್ತು ಕೊಡು.

ನಿನ್ನ
ತಂಗಿ

ತಾ.ಕ.: ಇದನ್ನು ಇವರಿಗೂ ಹೇಳಿಲ್ಲ. ಶುಕ್ರವಾರ ಮಧ್ಯಾಹ್ನ, ಊಟ ಆದಮೇಲೆ, ನನ್ನ ಹೊಟ್ಟೆಯಲ್ಲಿ ಪಾಪು ಒದೆಯಿತು. ವಾಯು ಅಲ್ಲ, ಕರುಳಲ್ಲ. ಆ ಒದೆತ ನನಗೆ ಗೊತ್ತು. ಒಳಗೆ ಏನೂ ಇಲ್ಲ ಎಂಬುದೂ ಗೊತ್ತು. ಆದರೂ ಹೊಲಿಯುವುದನ್ನು ನಿಲ್ಲಿಸಿ, ಕೈಯಿಟ್ಟುಕೊಂಡು, ಮತ್ತೊಂದಕ್ಕೆ ಕಾದೆ. ಬಂತು. ಅಕ್ಕ, ಆ ಹೊತ್ತಿನಲ್ಲಿ ಅಲ್ಲಿ ಪಾಪು ಎದ್ದು ಒದೆಯುತ್ತಿತ್ತಾ, ಮಲಗಿತ್ತಾ? ಬೇರೇನೂ ಬರೆಯಬೇಡ, ಅದೊಂದು ಹೇಳು.