ಸಂಬಳ ಬರುತ್ತಿದೆ, ಕೆಲಸ ಕೊಡಿ

ಸಿಬ್ಬಂದಿ ವಿಭಾಗದ ಮುಖ್ಯಾಧಿಕಾರಿಗಳೇ,

ಮೂರು ವರ್ಷ ಎರಡು ತಿಂಗಳಿಂದ ತಾವು ನನಗೆ ಒಂದೇ ಒಂದು ಕೆಲಸವನ್ನೂ ಕೊಟ್ಟಿಲ್ಲ. ಸಂಬಳ ಮಾತ್ರ ತಪ್ಪದೆ ಬರುತ್ತಿದೆ. ಇದೂ ಒಂದು ದೂರೇ ಎಂದು ಜನ ನಗಬಹುದು, ನಗಲಿ. ಮರಾಠಿಯಲ್ಲಿ ನಾಲ್ಕು, ಇಂಗ್ಲಿಷಿನಲ್ಲಿ ಮೂರು ಅರ್ಜಿ ಬರೆದು ಸೋತ ಮೇಲೆ ಈಗ ಕನ್ನಡ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ತಮಗೆ ಕನ್ನಡ ಬಾರದಿರಬಹುದು. ಅದರಿಂದ ಹೊಸ ನಷ್ಟವೇನಿಲ್ಲ. ಬರುವ ಭಾಷೆಯಲ್ಲಿ ಬರೆದದ್ದನ್ನೂ ತಾವು ಓದಿಲ್ಲವಲ್ಲ!

ನಾನು ಪುತ್ತೂರು ಕಡೆಯವನು, ಈಗ ಐವತ್ತೊಂದು ವರ್ಷ. ಕಳವಾ ಎಂಬ ಊರಿನಲ್ಲಿರುವ ತಮ್ಮ ವಿದ್ಯುತ್ ಕಂಪನಿಯ ಮೀಟರ್ ದುರಸ್ತಿ ಕಾರ್ಯಾಗಾರದಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದೇನೆ. ಒಳಗೆ ಅಲ್ಯೂಮಿನಿಯಂ ಚಕ್ರ ತಿರುಗುವ ಹಳೆಯ ಮೀಟರುಗಳು ಕೆಟ್ಟು ನಮ್ಮಲ್ಲಿಗೆ ಬರುತ್ತಿದ್ದವು. ನಾನು ಬಿಚ್ಚಿ ಸರಿಪಡಿಸುತ್ತಿದ್ದೆ. ಪಕ್ಕದಲ್ಲಿ ಕೂತ ರಮಾಕಾಂತ ಪರೀಕ್ಷಿಸಿ ಸೀಲು ಹಾಕುತ್ತಿದ್ದ. ಅಂಕೋಲೆಯವನು, ಮಾತು ಕಡಿಮೆ. ನಾನು ಸರಿಯಾಯಿತೆಂದು ಕೊಟ್ಟದ್ದನ್ನು ಕೆಲವೊಮ್ಮೆ ವಾಪಸು ತಳ್ಳಿ, “ಚಕ್ರ ಎಲ್ಲೋ ತಾಗ್ತದೆ, ನೋಡು” ಎನ್ನುತ್ತಿದ್ದ. ಕಿವಿಗೊಟ್ಟರೆ ತಾಗುತ್ತಲೇ ಇರುತ್ತಿತ್ತು. ಡೊಂಬಿವಲಿಯಿಂದ ಲೋಕಲ್ ಗಾಡಿಯಲ್ಲಿ ಒಂಟಿ ಕಾಲಿನ ಮೇಲೆ ನಿಂತು ಬರುವ ಹುಮ್ಮಸ್ಸು ನನಗೆ ಎಲ್ಲಿಂದ ಬರುತ್ತಿತ್ತು ಎಂದು ಕೇಳುತ್ತೀರಾ? ಅವನ ಆ ಒಂದು ಮಾತಿನಿಂದ.

೨೦೦೬ರಲ್ಲಿ ಹೊಸ ಎಲೆಕ್ಟ್ರಾನಿಕ್ ಮೀಟರುಗಳು ಬಂದವು. ಕೆಟ್ಟರೆ ಬಿಚ್ಚುವ ಹಾಗಿಲ್ಲ, ಎಸೆದು ಬೇರೆ ಹಾಕುವುದು. ಕಾಲ ಬದಲಾಯಿತು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಮ್ಮನ್ನು ಏನು ಮಾಡಿದಿರಿ? ಬೇರೆ ಕಡೆ ಹಾಕಲಿಲ್ಲ, ಹೊಸದನ್ನು ಕಲಿಸಲಿಲ್ಲ, ಮನೆಗೂ ಕಳಿಸಲಿಲ್ಲ. ಒಂಬತ್ತೂವರೆಗೆ ಸಹಿ, ಐದೂವರೆಗೆ ಸಹಿ, ನಡುವೆ ಕುರ್ಚಿ. ನಾವು ಪೇಪರ್ ಓದುತ್ತೇವೆಂದು ಯಾರೋ ಹೇಳಿದ್ದಕ್ಕೆ “ಕರ್ತವ್ಯದ ವೇಳೆಯಲ್ಲಿ ಪತ್ರಿಕೆ ಓದತಕ್ಕದ್ದಲ್ಲ” ಎಂಬ ಸುತ್ತೋಲೆ ಬಂತು. ಆ ಕರ್ತವ್ಯ ಯಾವುದು ಎಂಬುದನ್ನೂ ಒಂದು ಸಾಲಿನಲ್ಲಿ ಬರೆದಿದ್ದರೆ ತಮ್ಮ ಸುತ್ತೋಲೆಗೆ ಕಟ್ಟು ಹಾಕಿಸಿ ಗೋಡೆಗೆ ಹಾಕುತ್ತಿದ್ದೆ.

ಹತ್ತು ಜನರಲ್ಲಿ ಆರು ಮಂದಿ ಸ್ವಯಂ ನಿವೃತ್ತಿ ತೆಗೆದುಕೊಂಡು ಹೋದರು. ಉಳಿದ ನಾಲ್ವರನ್ನು ಹೋದ ವರ್ಷ ತಾವು ವಾಶಿಯ ಹೋಟೆಲೊಂದರಲ್ಲಿ ನಡೆದ ಪ್ರೇರಣಾ ಶಿಬಿರಕ್ಕೆ ಕರೆಸಿದಿರಿ. ನೌಕರರಲ್ಲಿ ಉತ್ಸಾಹ ತುಂಬಲು! ಶಿಬಿರ ನಡೆಸಿದ ನಿಕಿತಾ ಎಂಬ ಹುಡುಗಿ ಒಳ್ಳೆಯವಳೇ. ಎಲ್ಲರಿಗೂ ಚೀಟಿ ಕೊಟ್ಟು, ದಿನವೂ ಆಫೀಸಿಗೆ ಖುಷಿಯಿಂದ ಬರಲು ನಿಮಗೆ ಏನು ಬೇಕು ಎಂದು ಬರೆಯಲು ಹೇಳಿದಳು. ನಾನು “ಕಾಮ್”, ಅಂದರೆ ಕೆಲಸ, ಎಂದು ಬರೆದೆ. ಓದಿ ನಕ್ಕಳು. “ಅಂಕಲ್, ಮಜಾಕ್ ನಹೀ, ಸೀರಿಯಸ್ಲೀ ಲಿಖಿಯೇ ನಾ” ಎಂದಳು, ತಮಾಷೆ ಬಿಟ್ಟು ಸರಿಯಾಗಿ ಬರೆಯಿರಿ ಎಂದು. ಪಕ್ಕದಲ್ಲಿದ್ದ ರಮಾಕಾಂತನ ಚೀಟಿ ನೋಡಿದೆ. ಖಾಲಿಯಾಗಿತ್ತು.

ಅದಾಗಿ ಎರಡು ವಾರಕ್ಕೆ ನಮ್ಮ ಕೋಣೆಯ ಗೋಡೆ ಗಡಿಯಾರ ನಿಂತಿತು. ರಮಾಕಾಂತ ಸ್ಟೂಲು ಹತ್ತಿ ಅದನ್ನು ಇಳಿಸಿದ. ಇಡೀ ಬೆಳಿಗ್ಗೆ ಕೂತು ಬಿಚ್ಚಿದ, ಒರೆಸಿದ, ಹಲ್ಲು ಸವೆದ ಚಕ್ರವನ್ನು ಅರದಲ್ಲಿ ಉಜ್ಜಿ ಕೂರಿಸಿದ. ನಡೆಯತೊಡಗಿದ ಮೇಲೆ ನನ್ನ ಕಿವಿಯ ಹತ್ತಿರ ಹಿಡಿದು, “ಕೇಳು, ಎಲ್ಲೂ ತಾಗುದಿಲ್ಲ” ಎಂದ. ಅವನು ನಕ್ಕದ್ದನ್ನು ನಾನು ಎರಡು ವರ್ಷದಲ್ಲಿ ಮೊದಲ ಸಲ ನೋಡಿದೆ. ಮರುವಾರ ತಮ್ಮ ಕಚೇರಿಯಿಂದ ಮೆಮೊ ಬಂತು: ಕಚೇರಿಯ ಆಸ್ತಿಗೆ ಅನುಮತಿಯಿಲ್ಲದೆ ಕೈ ಹಾಕಿದ್ದೇಕೆ, ವಿವರಣೆ ಕೊಡಿ. ಸ್ವಾಮಿ, ಸರಿಯಾಗಿ ನಡೆಯುತ್ತಿರುವ ಗಡಿಯಾರಕ್ಕಿಂತ ದೊಡ್ಡ ವಿವರಣೆ ಬೇಕಿತ್ತೇ ತಮಗೆ? ಅವನು ಏನನ್ನೂ ಬರೆಯಲಿಲ್ಲ. ಅಂದಿನಿಂದ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂರತೊಡಗಿದ.

ಅವನನ್ನು ನೋಡಿ ನನಗೆ ಹೆದರಿಕೆಯಾಯಿತು. ನಾನು ಹೀಗಾಗಬಾರದೆಂದು ರಜೆ ಹಾಕಿ ಉಲ್ಹಾಸನಗರದ ನಮ್ಮದೇ ದೂರು ಕಚೇರಿಗೆ ಹೋದೆ. ಹೌದು, ರಜೆ ಹಾಕಿ ಕೆಲಸಕ್ಕೆ ಹೋದೆ. ಅಲ್ಲಿನ ಎಂಜಿನಿಯರ್ ಹರಿಶ್ಚಂದ್ರ ನಮ್ಮೂರ ಕಡೆಯವರೇ. ಜೀನ್ಸ್ ಹೊಲಿಸುವ ಒಬ್ಬ ಮುದುಕಿ ತನ್ನ ಮೀಟರ್ ವಿಪರೀತ ಓಡುತ್ತದೆಂದು ಐದು ತಿಂಗಳಿಂದ ಅಲೆಯುತ್ತಿದ್ದಳು. ಅವಳ ಜೊತೆ ಹೋಗಿ ಮೇನ್ ಸ್ವಿಚ್ ಆರಿಸಿದೆ. ಆದರೂ ಮೀಟರಿನ ದೀಪ ಮಿನುಗುತ್ತಲೇ ಇತ್ತು. ತಂತಿಯ ಹಿಂದೆಯೇ ಹೋದರೆ, ಮೀಟರಿಗೂ ಸ್ವಿಚ್ಚಿಗೂ ನಡುವೆ ಪಕ್ಕದ ಅಂಗಡಿಯವನು ಎಳೆದುಕೊಂಡ ಕಳ್ಳ ತಂತಿ ಸಿಕ್ಕಿತು. ಮುದುಕಿ ನನಗೆ ಚಹಾ ತರಿಸಿ ಕೇಳಿದಳು: “ಭೈಯಾ, ಆಪ್ ರೋಜ್ ಕ್ಯೂಂ ನಹೀ ಆತೇ?”

ದಿನವೂ ಯಾಕೆ ಬರುವುದಿಲ್ಲ! ವಾಪಸು ಬರುವಾಗ ಗಾಡಿಯ ಬಾಗಿಲಲ್ಲಿ ಹೊರಗೆ ಮುಖ ಮಾಡಿ ನಿಂತೆ, ಅಳುವುದು ಜನರಿಗೆ ಕಾಣದಿರಲಿ ಎಂದು. ಹೀಗೆ ನಾಲ್ಕು ರಜೆಗಳು ಕಳೆದವು. ಐದನೆಯ ಸಲ ಹೋದಾಗ ಹರಿಶ್ಚಂದ್ರ ಬಾಗಿಲಲ್ಲೇ ತಡೆದರು. “ಪೂವಪ್ಪಣ್ಣ, ಇನ್ನು ಬರ್ಬೇಡಿ ಮಾರಾಯ್ರೆ. ರಜೆಯಲ್ಲಿರುವವ ಇಲ್ಲಿ ಯಾಕೆ ಅಂತ ಮೇಲಿಂದ ಕೇಳಿದ್ದಾರೆ” ಎಂದರು. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಅವರ ಮೇಜಿನ ಮೇಲೆ ದೂರುಗಳ ಕಟ್ಟು ಇತ್ತು. ಅತ್ತ ಕಳವಾ ಕಾರ್ಯಾಗಾರದಲ್ಲಿ ಮೀಟರ್ ಪರೀಕ್ಷಿಸುವ ನಮ್ಮ ಟೆಸ್ಟ್ ಬೆಂಚಿಗೆ ತಾವು ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದೀರಿ.

ಈಗ ರಮಾಕಾಂತ ಕೆಲಸಕ್ಕೆ ಬಾರದೆ ಎರಡು ತಿಂಗಳಾಯಿತು. ಕೊನೆಯ ದಿನ ಹಾಜರಿ ಪುಸ್ತಕದ ಮುಂದೆ ಪೆನ್ನು ಹಿಡಿದು ನಿಂತ, ಕೈ ಬರೆಯಲೊಲ್ಲದು. ಕೈಯಲ್ಲಿ ದೋಷವಿಲ್ಲ ಎಂದರು ಡಾಕ್ಟರು. ಕಲ್ಯಾಣದ ಮನೆಗೆ ಹೋದರೆ ಅವನ ಹೆಂಡತಿ ಜಾನಕಿ, “ನೀವಾದ್ರೂ ಕೇಳಿ ಅಣ್ಣ, ಮಾತೇ ಆಡುದಿಲ್ಲ. ದಿನಾ ಏಳೂವರೆಗೆ ಡಬ್ಬಿ ಹಿಡ್ಕೊಂಡು ಬಾಗಿಲ ಹತ್ರ ನಿಲ್ತಾರೆ. ಚಪ್ಪಲಿ ಮೆಟ್ಟುದಿಲ್ಲ. ಎಂಟಾದ ಮೇಲೆ ಒಳಗೆ ಬಂದು ಕೂತ್ಕೊಳ್ತಾರೆ” ಎಂದಳು. ಅದೇ ಮನೆಗೆ ತಮ್ಮ ನೋಟೀಸೂ ಬಂದಿದೆ. ಮೂವತ್ತನೇ ತಾರೀಕಿನೊಳಗೆ ಹಾಜರಾಗದಿದ್ದರೆ ವಜಾ. ಕಾರಣ, ಕರ್ತವ್ಯಕ್ಕೆ ಗೈರುಹಾಜರಿ. ಕರ್ತವ್ಯವೇ ಮೂರು ವರ್ಷದಿಂದ ಗೈರುಹಾಜರಾಗಿದ್ದಾಗ ಅದಕ್ಕೆ ನೋಟೀಸು ಕೊಟ್ಟವರು ಯಾರು?

ಹೋದ ಭಾನುವಾರ ಅವನ ಎದುರು ಕೂತು, “ಕೆಲಸ ಕೊಟ್ಟರೆ ಬರ್ತೀಯಾ?” ಎಂದು ಕೇಳಿದೆ. ಅವನು ತಲೆಯೆತ್ತಿ, “ಯಾವ ಕೆಲಸ?” ಎಂದ. ಎರಡು ತಿಂಗಳಲ್ಲಿ ಅವನು ಆಡಿದ ಮೊದಲ ಮಾತಂತೆ ಅದು. ಜಾನಕಿ ಅಡುಗೆಮನೆಯಿಂದ ಓಡಿ ಬಂದಳು. ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ನಾನು ಏನು ಹೇಳಲಿ?

ಶಿಬಿರ ಬೇಡ, ಬಿರುದು ಬೇಡ. ನೋಟೀಸು ಹಿಂತೆಗೆದುಕೊಳ್ಳಿ. ಟೆಸ್ಟ್ ಬೆಂಚಿನ ಪ್ಲಾಸ್ಟಿಕ್ ತೆಗೆಸಿ, ಉಲ್ಹಾಸನಗರದ ದೂರಿನ ಮೀಟರುಗಳನ್ನು ಪರೀಕ್ಷೆಗಾದರೂ ನಮ್ಮಲ್ಲಿಗೆ ಕಳಿಸಿ. ಅದಾಗದಿದ್ದರೆ ಕಂಬಕ್ಕೆ ನಂಬರು ಬರೆಯಲಾದರೂ ಹಾಕಿ, ಬರೆಯುತ್ತೇವೆ. ಮೂವತ್ತಕ್ಕೆ ಇನ್ನು ಒಂಬತ್ತು ದಿನ ಉಳಿದಿದೆ. ಯಾವ ಕೆಲಸ ಎಂಬುದನ್ನು ಒಂದೇ ಸಾಲಿನಲ್ಲಿ ಬರೆದುಕೊಡಿ. ಯಾವ ಭಾಷೆಯಲ್ಲಾದರೂ ಸರಿ. ಕಲ್ಯಾಣಕ್ಕೆ ಒಯ್ದು ಅವನಿಗೆ ನಾನೇ ಓದಿ ಹೇಳುತ್ತೇನೆ.

ಇಂತಿ,
ತಮ್ಮ ನೌಕರನೆಂದು ಇನ್ನೂ ನಂಬಿಕೊಂಡಿರುವ
ಪೂವಪ್ಪ, ಮೀಟರ್ ಮೆಕ್ಯಾನಿಕ್
ಡೊಂಬಿವಲಿ ಪೂರ್ವ