ಇಕ್ಕಳದ ಹಕ್ಕು

ಜೂನ್ 14, ಶನಿವಾರ, ಸಂಜೆ

ಮಂಡಿಗೆ ಮತ್ತೆ ನೋವಿನ ಪಟ್ಟಿ. ಮೊಆಕ್ಸಾನ್ ಬೆಟ್ಟ ಹತ್ತಿ ಇಳಿದದ್ದಾಯಿತು. ಕೊರಿಯಾದ ಈ ಜೊಂಜು ಊರಿನಲ್ಲಿ ಇದು ಐದನೇ ಬೇಸಿಗೆ; ಈ ಹೆಂಗಸರ ಚಾರಣ ಸಂಘದಲ್ಲಿ ಎರಡನೆಯದು. ನನ್ನನ್ನು ಬಿಟ್ಟರೆ ಎಲ್ಲರೂ ಐವತ್ತೈದು ದಾಟಿದವರು. ಆದರೂ ಎಲ್ಲರಿಗಿಂತ ಹಗುರ ಚೀಲ ನನ್ನದೇ. ಕಿಮ್ಚಿ ಡಬ್ಬಿ, ಗ್ಯಾಸ್ ಒಲೆ, ಮಾಂಸ — ಎಲ್ಲ ಅವರ ಬೆನ್ನ ಮೇಲೆ. ಭಾರತದವಳಿಗೆ ಭಾರ ಹೊರಲು ಬಿಡರು!

ಇಲ್ಲಿ ಗುಂಪಿನಲ್ಲಿ ಕಿರಿಯರಾದವರೇ ಹೊರಬೇಕು, ಸುಡಬೇಕು, ಬಡಿಸಬೇಕು, ಬೈಸಿಕೊಳ್ಳಬೇಕು. ಆದರೆ ಮಾಂಸ ಮಗುಚುವ ಇಕ್ಕಳ ಮಾತ್ರ ಐವತ್ತೇಳರ ಮಿರಾನಕ್ಕನ ಕೈಯಲ್ಲಿ. ನನಗೆ ಕೊಡಿ ಎಂದು ಕೇಳಿದೆ. ಸಂಘದ ಅಧ್ಯಕ್ಷೆ ಓಕ್ಸುನಕ್ಕ ಕೆನ್ನೆ ತಟ್ಟಿದರು.

"ನೀವು ನಮ್ಮ ಅತಿಥಿ ಕಣಮ್ಮಾ. ಹೋಗಿ, ನೆರಳಲ್ಲಿ ಕೂತ್ಕೊಳ್ಳಿ."

ಅತಿಥಿ... ಅದೂ ಅತಿಯಾದರೆ ಉಳಿಯುವುದು ತಿಥಿಯೊಂದೇ.

ಜೂನ್ 28, ಶನಿವಾರ

ಕಣಿವೆಯ ತೊರೆ. ಐಸಿನಂಥ ನೀರಲ್ಲಿ ಕಾಲು, ಎದುರಿಗೆ ಚಟಪಟ ಹಂದಿಮಾಂಸ. ಇಕ್ಕಳಕ್ಕೆ ಕೈಚಾಚಿದೆ. ಮಿರಾನಕ್ಕ ಹಿಂದಕ್ಕೆಳೆದುಕೊಂಡರು.

"ಮಾಂಸ ಬಾಯಿಗೇ ಇಡದವರು ನೀವು. ಬೆಂದಿದ್ಯೋ ಇಲ್ವೋ ಹ್ಯಾಗೆ ಗೊತ್ತಾಗತ್ತೆ? ಜಾತಕ ನೋಡಿ ಹೇಳ್ತೀರಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ — ಅತಿಥಿಯ ನಗು. ಸಿಟ್ಟಾಗಲೂ ಆಗದು. ಇಲ್ಲಿ ಮರ್ಯಾದೆಗೆ ಹೆಸರಿನ ತುದಿಗೆ 'ಸ್ಸಿ' ಹಚ್ಚುತ್ತಾರೆ. ನನ್ನ ಹೆಸರೋ ಮಾನಸಿ. ಹುಟ್ಟುತ್ತಲೇ ಬಹುವಚನ!

ಆಗಸ್ಟಿನಲ್ಲಿ ಸೊನ್ಯೂದೊ ದ್ವೀಪಕ್ಕೆ ಪ್ರವಾಸ. ಅಲ್ಲಿ ಇಕ್ಕಳ ನನ್ನದಾಗಬೇಕು. ಇಲ್ಲದಿದ್ದರೆ ಈ ಹೆಂಗಸರ ಫೋಟೋಗಳಲ್ಲಿ ನಾನು ಎಂದೆಂದಿಗೂ ವಿದೇಶಿ ಅಲಂಕಾರ.

ಜುಲೈ 9

ಮಳೆ. ಈ ವಾರದ ಚಾರಣ ರದ್ದು. ಜನ್ಮದಲ್ಲಿ ಮೊದಲ ಬಾರಿಗೆ ಹಂದಿಮಾಂಸ ಕೊಂಡೆ. (ಅಮ್ಮನ ಕೈಗೆ ಈ ಪುಟ ಸಿಗದಿರಲಿ.) ತಾರಸಿಯ ತಗಡಿನ ಮಾಡಿನ ಕೆಳಗೆ ಒಲೆ. ತಿನ್ನಲು ಮನೆಯ ಮಾಲೀಕ ತಾಕ್ ತಾತ — ನಿವೃತ್ತ ಬಸ್ ಚಾಲಕ, ನಿವೃತ್ತಿಯಾಗದ ನಾಲಿಗೆ.

"ಇದು ಹಂದಿಯಲ್ಲಮ್ಮಾ, ನನ್ನ ಹಳೇ ಬಸ್ಸಿನ ಟೈರು."

"ಇನ್ನೊಂದು ತುಂಡು ನೋಡಿ ತಾತ."

"ಇದು ಸ್ಟೆಪ್ನಿ. ಅಲ್ಲಾ, ಗಳಿಗೆಗೊಂದು ಸಲ ಮಗುಚಿ ಹಾಕ್ತಿದ್ದೀಯಲ್ಲ, ಅದಕ್ಕೇನು ತಲೆ ತಿರುಗಲ್ವಾ?"

ಜುಲೈ 23

ಗುಟ್ಟು ಸಿಕ್ಕಿತು! ನಾಲಿಗೆ ಬೇಡ, ಕಿವಿ ಸಾಕು. ಮೊದಲು ಜೋರು ಚೊಂಯ್. ಆಮೇಲೆ ಮೇಲ್ಮೈಯಲ್ಲಿ ಬೆವರಿನಂಥ ಹನಿ ಮೂಡಿ, ಸದ್ದು ಸಣ್ಣಗಾಗುತ್ತದೆ. ಆಗ ಮಗುಚಬೇಕು. ಒಂದೇ ಸಲ. ದೋಸೆ ಹುಯ್ದು ಪಳಗಿದ ಕಿವಿ, ಸುಮ್ಮನೆ ಅಲ್ಲ.

ತಾಕ್ ತಾತ ತುಂಡನ್ನೆಲ್ಲ ತಿಂದರು. ಮತ್ತೆ ತಟ್ಟೆ ಚಾಚಿದರು. ಪದವಿ ಪ್ರಮಾಣಪತ್ರ ತೆಗೆದುಕೊಂಡಾಗಲೂ ಇಷ್ಟು ಬೀಗಿರಲಿಲ್ಲ.

ಆಗಸ್ಟ್ 16, ಶನಿವಾರ, ಸೊನ್ಯೂದೊ

ಬರೆಯಲು ಕೈ ಜಿಡ್ಡು. ಇರಲಿ, ಬರೆಯುತ್ತೇನೆ.

ಸಮುದ್ರದ ದಂಡೆ, ವಸತಿಗೃಹದ ಅಂಗಳ, ಕಾದ ಬಾಣಲೆ. ಮಿರಾನಕ್ಕ ನೀರಿನ ಬಾಟಲಿಗೆ ತಿರುಗಿದ್ದೇ ತಡ, ಇಕ್ಕಳ ನನ್ನ ಕೈಯಲ್ಲಿ. "ಅಯ್ಯೋ, ಕೊಡಿ ಕೊಡಿ!" ಕೊಡಲಿಲ್ಲ. ಮಾಂಸ ಹಾಸಿದೆ. ಚೊಂಯ್.

"ತಿರುಗಿಸಿ! ಸೀದುಹೋಗತ್ತೆ!"

ಅಲ್ಲಾಡಲಿಲ್ಲ. ಅಲೆಯ ಸದ್ದು ಬೇರೆ ಅಡ್ಡ. ಬಾಣಲೆಗೆ ಕಿವಿಗೊಟ್ಟು ಬಗ್ಗಿದೆ. ಹನಿ ಮೂಡಿತು, ಸದ್ದು ಇಳಿಯಿತು — ಮಗುಚಿದೆ. ಬಂಗಾರದ ಬಣ್ಣ. ಕತ್ತರಿಯಲ್ಲಿ ಕತ್ತರಿಸಿ ಮೊದಲ ತುಂಡು ಓಕ್ಸುನಕ್ಕನಿಗೆ.

ಅಗಿದರು. ಎಲ್ಲರೂ ಅವರ ದವಡೆಯನ್ನೇ ನೋಡಿದರು. ಅವರು ಒಂದು ಸೊಪ್ಪಿನ ಎಲೆಯಲ್ಲಿ ಸುಟ್ಟ ಬೆಳ್ಳುಳ್ಳಿ, ಅಣಬೆ ಸುತ್ತಿ ನನ್ನ ಬಾಯಿಗೆ ತುರುಕಿದರು. ಇಡಿಯಾಗಿ ನುಂಗಬೇಕು, ಅದೇ ಪದ್ಧತಿ. ಕೆನ್ನೆ ಎರಡೂ ಊದಿದ್ದಾಗಲೇ ಪಕ್ಕದ ಮೇಜಿನ ಹೆಂಗಸು ಹೇಳಿದ್ದು:

"ಛೆ, ವಿದೇಶದಿಂದ ಬಂದ ಅತಿಥಿ ಕೈಲಿ ಕೆಲಸ ಮಾಡಿಸ್ತೀರಲ್ಲ!"

ನನ್ನ ಬಾಯಿ ಬಂದ್. ಓಕ್ಸುನಕ್ಕನದು ಖಾಲಿ ಇತ್ತು.

"ಯಾವ ಅತಿಥಿ? ನಮ್ಮ ಗುಂಪಿನ ಚಿಕ್ಕವಳು ಅವಳು. ಮಾಡದೆ ಏನು? ಏಯ್ ಹುಡುಗಿ, ಕೆನ್ನೆ ಉಬ್ಬಿಸ್ಕೊಂಡು ನಿಂತ್ಯಾ? ಒಲೆ ಮೇಲಿರೋದು ಕರಟಿ ಹೋಗ್ತಿದೆ ನೋಡು!"

ಕರಟಿಯೇ ಹೋಯಿತು. ಕಣ್ಣಲ್ಲಿ ನೀರು — ಹೊಗೆ ಅಂದೆ.

ಆಗಸ್ಟ್ 17, ಭಾನುವಾರ, ಬೆಳಿಗ್ಗೆ

ಎದ್ದ ಕೂಡಲೇ ಬೈಸಿಕೊಂಡೆ. ನೂಡಲ್ಸಿಗೆ ನೀರು ಹೆಚ್ಚಾಯಿತಂತೆ. ಮಿರಾನಕ್ಕ ಕಾಲು ಚಾಚಿ ಕೂತು ಕಾಫಿ ಕೇಳಿದರು, ಕೊಟ್ಟರೆ, "ಸಕ್ಕರೆ ಏನು ನಿಮ್ಮೂರಿಂದ ಬರಬೇಕಾ?" ಎಲ್ಲರ ಪಾತ್ರೆಗಳೂ ಈಗ ನನ್ನ ಚೀಲದಲ್ಲಿ. ಪಟ್ಟಿ ಭುಜಕ್ಕೆ ಕಚ್ಚುತ್ತಿದೆ. ನಮ್ಮೂರಲ್ಲಾದರೆ ಸನ್ಮಾನಿತರ ಭುಜಕ್ಕೆ ಶಾಲು ಹೊದಿಸುತ್ತಾರೆ, ಇಲ್ಲಿ...

ಬಸ್ಸು ಬಂತು. ಓಕ್ಸುನಕ್ಕ ಕೂಗುತ್ತಿದ್ದಾರೆ. ಚೀಲಗಳನ್ನೆಲ್ಲ ಯಾರು ಏರಿಸುತ್ತಾರಂತೆ! ಬಂದೆ ಅಕ್ಕಾ, ನಾನೇ, ಇನ್ಯಾರು —